ಶ್ರಾವಿಕೆಯ ಕೌದಿ: ಜೈನ ವಸ್ತ್ರಕಲೆಯ ಒಂದು ಅವಲೋಕನ

ಪ್ರತಿಷ್ಠಾ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ಶಿಲೆ, ಲೋಹ, ತಾಳೆಗರಿ ಈ ಮೂರರ ವಿಚಾರವಾಗಿ ವಿದ್ವಾಂಸರು ಹೇರಳವಾಗಿ ಬರೆದಿರುವರು. ಬಸದಿಯ ಶಾಸನಗಳು, ಜಿನಬಿಂಬಗಳ ಶಿಲ್ಪಲಕ್ಷಣ, ಓಲೆಗ್ರಂಥಗಳ ಭಂಡಾರ ಇವು ನಮ್ಮ ಇತಿಹಾಸದ ಆಧಾರಸ್ತಂಭಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಬಸದಿಯಲ್ಲಿ ಬಿಂಬದ ಮೇಲ್ಗಡೆ ಕಟ್ಟಿದ ಮೇಲ್ಕಟ್ಟು, ಗ್ರಂಥಕ್ಕೆ ಸುತ್ತಿದ ವೇಷ್ಟನ, ಅವುಗಳನ್ನು ಹೊಲಿದ ಕೈಗಳು ಮನೆಗೆ ಹಿಂದಿರುಗಿ ಹೊಲಿದ ಹೊದಿಕೆ ಇವುಗಳ ಚರಿತ್ರೆಯನ್ನು ಬರೆಯಲು ಯಾರೂ ಅಷ್ಟಾಗಿ ಮನಸ್ಸು ಮಾಡಿದಂತೆ ತೋರುವುದಿಲ್ಲ. ಕಲ್ಲು ಸಾವಿರ ವರ್ಷ ಬಾಳುತ್ತದೆ. ಬಟ್ಟೆ ಎರಡು ತಲೆಮಾರು ಬಾಳಿದರೆ ಹೆಚ್ಚು. ಕಲ್ಲಿನ ಮೇಲೆ ದಾನಿಯ ಹೆಸರುಂಟು. ಹೊಲಿಗೆಯ ಮೇಲೆ ಹೆಸರಿಲ್ಲ. ಈ ಪ್ರತಿಷ್ಠಾ ಸಂದರ್ಭದಲ್ಲಿ ಹೆಸರಿಲ್ಲದ ಆ ಕೈಗಳ ಕುರಿತು ನಾಲ್ಕು ಮಾತು ಹೇಳಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ.

ಪ್ರಾರಂಭದಲ್ಲಿಯೇ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಆಚೇಲಕ್ಯವನ್ನು ಪರಮಾದರ್ಶವೆಂದು ಎತ್ತಿಹಿಡಿದ ದಿಗಂಬರ ಸಂಪ್ರದಾಯದಲ್ಲಿ ವಸ್ತ್ರಕಲೆಗೆ ಸ್ಥಾನವೆಲ್ಲಿ? ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಆಚೇಲಕ್ಯವೂ ಒಂದು, ಕ್ಷಿತಿಶಯನವೂ ಒಂದು. ಉಡಲು ವಸ್ತ್ರವಿಲ್ಲ, ಮಲಗಲು ಹಾಸಿಗೆಯಿಲ್ಲ. ನೆಲ, ಹಲಗೆ, ಹೆಚ್ಚೆಂದರೆ ಹುಲ್ಲು. ಹೀಗಿರುವಾಗ ಹೊದಿಕೆಯ ಚಿತ್ತಾರವನ್ನು ಧರ್ಮದೊಡನೆ ಜೋಡಿಸುವುದು ವಿಪರೀತವಲ್ಲವೆ ಎಂದು ಕೇಳಬಹುದು. ಉತ್ತರವು ಶ್ರಾವಕಾಚಾರದಲ್ಲಿಯೇ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಭೋಜನ, ವಾಹನ, ಸ್ನಾನ, ವಸನ, ಭೂಷಣಾದಿಗಳ ಸಾಲಿನಲ್ಲಿ ಶಯನವನ್ನೂ ಎಣಿಸಿರುವರು. ಗೃಹಸ್ಥನಿಗೆ ಹಾಸಿಗೆ ನಿಷಿದ್ಧವಲ್ಲ, ಅದಕ್ಕೆ ಮಿತಿಯುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಲೋಕದ ಮಾತಾದರೆ, ಹಾಸಿಗೆಯನ್ನೇ ಎಷ್ಟಿರಬೇಕೆಂದು ಅಳೆದುಕೊಳ್ಳುವುದು ವ್ರತಿಕನ ಮಾತು. ಆ ಮಿತಿಯೊಳಗೆ ಹುಟ್ಟಿದ ಕಲೆಯೇ ನಮ್ಮ ವಿಷಯ.

ಹಳೆಯ ವಸ್ತ್ರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆಗೆ ಕನ್ನಡದಲ್ಲಿ ಬೊಂತೆ, ಕಂಥೆ, ಕೌದಿ ಎಂಬ ಹೆಸರುಗಳುಂಟು. ಕಂಥೆ ಎಂಬುದು ಸಂಸ್ಕೃತದಿಂದ ಬಂದುದು. ವಿರಕ್ತರ ತೇಪೆಯುಡುಗೆಗೂ ಈ ಮಾತು ಸಲ್ಲುತ್ತಿತ್ತು. ಮೈಸೂರು ಸೀಮೆಯ ಮನೆಗಳಲ್ಲಿ ಕಂಬಳಿ, ದುಪ್ಪಟಿಗಳೇ ಹೆಚ್ಚು ಬಳಕೆಯಲ್ಲಿದ್ದವು. ಕೌದಿಯ ಸೀಮೆಯೆಂದರೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ. ಅಲ್ಲಿ ಹಳೆಯ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಸವೆದ ಧೋತರ ಯಾವುದೂ ವ್ಯರ್ಥವಾಗುತ್ತಿರಲಿಲ್ಲ. ಮನೆಯ ಹೆಂಗಸರೇ ಬಿಡುವಿನಲ್ಲಿ ಹೊಲಿಯುತ್ತಿದ್ದರು. ಇಲ್ಲವೆ ಗೊಂದಳಿ ಸಮುದಾಯದ ಹೆಣ್ಣುಮಕ್ಕಳು ಮನೆಮನೆಗೆ ಬಂದು ಹಳೆಯ ಬಟ್ಟೆಯನ್ನು ಪಡೆದು, ಪಡಸಾಲೆಯಲ್ಲಿ ಹರಡಿಕೊಂಡು, ದಪ್ಪ ಸೂಜಿಯಿಂದ ಸಾಲುಸಾಲಾಗಿ ಹೊಲಿದುಕೊಡುತ್ತಿದ್ದರು. ಬಾಣಂತಿಗೆ, ಎಳೆಗೂಸಿಗೆ, ಗಂಡನ ಮನೆಗೆ ಹೊರಟ ಮಗಳಿಗೆ ಕೌದಿ ತವರಿನ ಕೊಡುಗೆ.

ನಮ್ಮ ಮನೆತನವು ಬೆಳಗಾವಿ ಜಿಲ್ಲೆಯ ಒಕ್ಕಲುತನದ ಜೈನ ಮನೆತನ. ಮೈಸೂರಿಗೆ ಬಂದು ನೆಲೆಸಿದ್ದು ನನ್ನ ತಂದೆಯವರ ಉದ್ಯೋಗದ ನಿಮಿತ್ತದಿಂದ. ಬರುವಾಗ ಆಯಿ ತನ್ನ ಗಂಟಿನಲ್ಲಿ ಒಂದು ಕೌದಿಯನ್ನು ತಂದಿದ್ದಳು. ಆರು ಚೌಕಗಳು ಒಂದರೊಳಗೊಂದು ಅಡಕವಾಗಿದ್ದ ಕೌದಿ ಅದು. ಹೊರಗಿನ ಅಂಚು ಹಳೆಯ ಚಂದ್ರಕಾಳಿ ಸೀರೆಯ ಕಪ್ಪು. ಅದರೊಳಗೆ ನೀಲಿ. ಆಮೇಲೆ ಪಾರಿವಾಳದ ಮೈಯ ಬೂದು. ಅನಂತರ ಹಳದಿ, ಅದರೊಳಗೆ ತಾವರೆಯ ಬಣ್ಣ, ನಟ್ಟನಡುವೆ ಅಜ್ಜನ ಧೋತರದ ಒಂದು ಬಿಳಿಯ ತುಂಡು. ಬಾಲ್ಯದಲ್ಲಿ ಅದು ನನಗೆ ಬರಿಯ ಹೊದಿಕೆಯಾಗಿತ್ತು. ಷಡ್ಲೇಶ್ಯೆಗಳ ಹೆಸರನ್ನು ಪಾಠಶಾಲೆಯಲ್ಲಿ ಕಲಿತ ದಿನ ಮನೆಗೆ ಬಂದು ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂದು ಒಪ್ಪಿಸುತ್ತಿರುವಾಗ ಆಯಿ ಕೌದಿಯ ಮೇಲೆ ಬೆರಳಿಟ್ಟು ಹೊರಗಿನಿಂದ ಒಳಗೆ ಒಂದೊಂದೇ ಬಣ್ಣವನ್ನು ಮುಟ್ಟುತ್ತ ಬಂದಳು. ಓದುಬರೆಹ ಬಾರದಿದ್ದ ಆಕೆ ಗೊಮ್ಮಟಸಾರದ ಲೇಶ್ಯಾಮಾರ್ಗಣೆಯನ್ನು ಹೊದ್ದು ಮಲಗಿದ್ದಳೆಂಬುದು ನನಗೆ ಅರಿವಾದದ್ದು ಅಂದು.

ಲೇಶ್ಯೆಗಳ ದೃಷ್ಟಾಂತವು ಸರ್ವವಿದಿತ. ಹಸಿದ ಆರು ಮಂದಿ ಪಥಿಕರು ಹಣ್ಣು ತುಂಬಿದ ಮರವೊಂದನ್ನು ಕಂಡರು. ಕೃಷ್ಣಲೇಶ್ಯೆಯವನು ಬುಡಸಹಿತ ಕಡಿಯಲು ಬಯಸಿದ. ಎರಡನೆಯವನು ಕಾಂಡವನ್ನು, ಮೂರನೆಯವನು ಕೊಂಬೆಯನ್ನು, ನಾಲ್ಕನೆಯವನು ಕಿರುಗೊಂಬೆಯನ್ನು ಬಯಸಿದ. ಐದನೆಯವನು ಹಣ್ಣನ್ನು ಮಾತ್ರ ಕೀಳೋಣವೆಂದ. ಶುಕ್ಲಲೇಶ್ಯೆಯವನು ನೆಲಕ್ಕೆ ಬಿದ್ದುದನ್ನು ಆಯ್ದುಕೊಂಡರೆ ಸಾಕೆಂದ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ನಿರೂಪಿಸಿರುವರು. ಮೈಸೂರಿನಿಂದ ಹೆಚ್ಚು ದೂರವಿಲ್ಲದ ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರ ಚರಿತ್ರೆಯ ದೃಶ್ಯಗಳೊಡನೆ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರದೊಡನೆ, ಈ ಮರವೂ ಆರು ಮಂದಿಯೂ ಚಿತ್ರಿತರಾಗಿರುವುದನ್ನು ಯಾತ್ರಾರ್ಥಿಗಳು ನೋಡಿರಬಹುದು. ನೋಡದಿದ್ದವರು ಮುಂದಿನ ಯಾತ್ರೆಯಲ್ಲಿ ಬೆಟ್ಟ ಹತ್ತುವ ಆತುರದಲ್ಲಿ ಮಠವನ್ನು ಮರೆಯದಿರಲಿ.

ಇಲ್ಲಿ ಬಣ್ಣಕ್ಕಿಂತ ಮಿಗಿಲಾದ ಒಂದು ಸಂಗತಿಯಿದೆ. ಬಿದ್ದ ಹಣ್ಣನ್ನು ಆಯ್ದುಕೊಳ್ಳುವ ಆರನೆಯವನ ಬಗೆಯೇ ಕೌದಿಯ ಬಗೆ. ಕೌದಿಗಾಗಿ ಯಾರೂ ಹೊಸ ಬಟ್ಟೆಯನ್ನು ಕತ್ತರಿಸುವುದಿಲ್ಲ. ಉಟ್ಟು ಸವೆದುದೇ ಅದರ ಸಾಮಗ್ರಿ. ನಮ್ಮ ಮುನಿಗಳ ಕೈಯಲ್ಲಿರುವ ಪಿಂಛಿಯನ್ನು ಜ್ಞಾಪಿಸಿಕೊಳ್ಳಿ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಅದನ್ನು ಕಟ್ಟುತ್ತಾರೆ, ಚಾತುರ್ಮಾಸ ಮುಗಿದ ಮೇಲೆ ಹಳೆಯದನ್ನು ಶ್ರಾವಕರಿಗೆ ಕೊಟ್ಟು ಹೊಸತನ್ನು ಸ್ವೀಕರಿಸುತ್ತಾರೆ. ಉದುರಿದ ಗರಿಯಿಂದ ಮುನಿಯ ಉಪಕರಣ, ಸವೆದ ಸೀರೆಯಿಂದ ಗೃಹಿಣಿಯ ಹೊದಿಕೆ: ಎರಡೂ ಒಂದೇ ನೀತಿಯ ಎರಡು ಮೆಟ್ಟಿಲುಗಳೆಂದು ನಾನು ತಿಳಿದಿದ್ದೇನೆ. ಹತ್ತಿಯನ್ನು ತುಂಬಿದ ಹಾಸಿಗೆಯಲ್ಲಿ ಹುಳುಹುಪ್ಪಟೆ ಸೇರಿಕೊಂಡರೆ ಹಿಂಸೆಯಿಲ್ಲದೆ ತೆಗೆಯುವುದು ಕಷ್ಟ. ಕೌದಿಯಲ್ಲಿ ತುಂಬುವ ಹತ್ತಿಯಿಲ್ಲ, ಪದರಗಳು ಮಾತ್ರ, ಒಗೆಯಬಹುದು, ಕೊಡವಬಹುದು. ಆಯಿ ಕೌದಿಯನ್ನು ನೀರಿಗೆ ಹಾಕುವ ಮುನ್ನ ಅಂಗಳದಲ್ಲಿ ಬಿಡಿಸಿ ಮೂಲೆಮೂಲೆಯನ್ನೂ ನೋಡುತ್ತಿದ್ದಳು. ಮುನಿಗಳ ಆದಾನನಿಕ್ಷೇಪಣ ಸಮಿತಿಯ ಹೆಸರನ್ನು ಆಕೆ ಕೇಳಿದ್ದಳೋ ಇಲ್ಲವೋ, ಆಚರಣೆ ಮಾತ್ರ ಕೈಗೆ ಬಂದಿತ್ತು.

ಈಗ ಇತಿಹಾಸದ ಕಡೆಗೆ ಬರೋಣ. ಪ್ರಾಚೀನ ಕಾಲದ ಹೊದಿಕೆಗಳು ಉಳಿದಿಲ್ಲವಾದರೂ ಅವುಗಳ ಚಿತ್ತಾರಗಳು ಉಳಿದುಬಂದಿವೆ. ಅವುಗಳನ್ನು ಉಳಿಸಿದವರಲ್ಲಿ ಜೈನರು ಅಗ್ರಗಣ್ಯರು ಎಂದರೆ ಉತ್ಪ್ರೇಕ್ಷೆಯಾಗಲಾರದು. ಪಶ್ಚಿಮ ಭಾರತದಲ್ಲಿ ಸುಮಾರು 15 ಮತ್ತು 16ನೆಯ ಶತಮಾನಗಳಲ್ಲಿ ರಚಿತವಾದ ಶ್ವೇತಾಂಬರ ಕಲ್ಪಸೂತ್ರದ ಸಚಿತ್ರ ಪ್ರತಿಗಳಲ್ಲಿ ತ್ರಿಶಲಾದೇವಿಯು ಮಂಚದ ಮೇಲೆ ಪವಡಿಸಿ ಶುಭಸ್ವಪ್ನಗಳನ್ನು ಕಾಣುವ ದೃಶ್ಯವಿದೆ. ಆ ಮಂಚದ ಹಾಸು, ದಿಂಬು, ಮೇಲ್ಕಟ್ಟುಗಳ ಮೇಲೆ ಹಂಸ, ಹೂಬಳ್ಳಿ, ಚೌಕಳಿಗಳ ಚಿತ್ತಾರವನ್ನು ಚಿತ್ರಕಾರನು ಅತ್ಯಂತ ಶ್ರದ್ಧೆಯಿಂದ ಬರೆದಿರುವನು. ಈಜಿಪ್ಟಿನ ಫುಸ್ತಾತ್ ಎಂಬ ಹಳೆಯ ಪಟ್ಟಣದ ಅವಶೇಷಗಳಲ್ಲಿ ಗುಜರಾತಿನ ಅಚ್ಚಿನ ಹತ್ತಿಬಟ್ಟೆಯ ಚೂರುಗಳು ದೊರೆತಾಗ, ಅವುಗಳ ಮೇಲಿನ ಹಂಸಗಳು ಈ ಜೈನ ಹಸ್ತಪ್ರತಿಗಳ ಹಂಸಗಳನ್ನೇ ಹೋಲುತ್ತಿದ್ದುದನ್ನು ವಿದ್ವಾಂಸರು ಗುರುತಿಸಿದರು. ಧರ್ಮಗ್ರಂಥದ ಚಿತ್ರವು ಹೀಗೆ ವಸ್ತ್ರದ ಇತಿಹಾಸಕ್ಕೆ ಸಾಕ್ಷಿಯಾಯಿತು.

ದಕ್ಷಿಣದಲ್ಲಿ ಇದಕ್ಕಿಂತ ಪ್ರಾಚೀನವಾದ ನಿದರ್ಶನವಿದೆ. ತಮಿಳುನಾಡಿನ ಪುದುಕ್ಕೋಟೆಯ ಬಳಿಯ ಸಿತ್ತನ್ನವಾಸಲ್ ಜೈನ ಗುಹಾಲಯವನ್ನು ಮದುರೆಯ ಆಚಾರ್ಯನಾದ ಇಳಂಗೌತಮನು 9ನೆಯ ಶತಮಾನದಲ್ಲಿ ಜೀರ್ಣೋದ್ಧಾರ ಮಾಡಿಸಿದುದನ್ನು ಅಲ್ಲಿನ ಶಾಸನವು ತಿಳಿಸುತ್ತದೆ. ಅದರ ಅರ್ಧಮಂಟಪದ ಮಾಳಿಗೆಯಲ್ಲಿ ಸಮವಸರಣದ ತಾವರೆಗೊಳವಿದೆ. ಎಲ್ಲರೂ ಹೊಗಳುವುದು ಅದನ್ನೇ. ನನಗೆ ಮುಖ್ಯವಾಗಿ ತೋರುವುದು ಗರ್ಭಗೃಹದ ಮಾಳಿಗೆ. ಅಲ್ಲಿ ಚಿತ್ರಕಾರನು ಕಲ್ಲಿನ ಮೇಲೆ ಬಟ್ಟೆಯನ್ನೇ ಹಾಸಿದಂತೆ ಬಣ್ಣ ತುಂಬಿದ್ದಾನೆ: ಚೌಕಗಳು, ಚೌಕದೊಳಗೆ ವೃತ್ತಗಳು, ಪಟ್ಟೆಪಟ್ಟೆಯ ಅಂಚು. ಜಿನಬಿಂಬಗಳ ಮೇಲೆ ಬಟ್ಟೆಯ ವಿತಾನವನ್ನು ಕಟ್ಟುವ ಪದ್ಧತಿ ಆ ವೇಳೆಗಾಗಲೇ ರೂಢಿಯಲ್ಲಿ ಇದ್ದಿರಬೇಕು. ಇಲ್ಲದಿದ್ದರೆ ಕಲ್ಲಿನ ಮಾಳಿಗೆಯನ್ನು ಬಟ್ಟೆಯಂತೆ ತೋರಿಸುವ ಪ್ರಸಕ್ತಿಯೇ ಬರುತ್ತಿರಲಿಲ್ಲ. ಇಂದಿಗೂ ಉತ್ತರ ಕರ್ನಾಟಕದ ಚೌಕಳಿ ಕೌದಿಯೊಂದನ್ನು ಬಿಡಿಸಿ ತಲೆಯ ಮೇಲೆ ಹಿಡಿದರೆ ಆ ಮಾಳಿಗೆಯ ನೆನಪಾಗದೆ ಇರದು.

ನಮ್ಮ ಶ್ವೇತಾಂಬರ ಬಂಧುಗಳಲ್ಲಿ ಈ ಕಲೆ ಇನ್ನೂ ವೈಭವದಿಂದ ಬೆಳೆಯಿತು. ಸಾಧುಗಳ ಪೀಠದ ಹಿಂದೆ ತೂಗಬಿಡುವ ಪೂಠಿಯಾ, ಮೇಲೆ ಕಟ್ಟುವ ಚಂದರವಾ ಇವುಗಳ ಮಖಮಲ್ಲಿನ ಮೇಲೆ ಜರಿಯ ಕಸೂತಿಯಲ್ಲಿ ಸ್ವಪ್ನಗಳು, ಅಷ್ಟಮಂಗಲಗಳು ಮೂಡಿಬರುತ್ತವೆ. ಸಾಧುಗಳ ರಜೋಹರಣದ ದಂಡಿಗೆಗೆ ಸುತ್ತುವ ಬಟ್ಟೆಯ ಮೇಲೂ ಅಷ್ಟಮಂಗಲದ ಕಸೂತಿಯುಂಟು. 1949ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಕ್ಯಾಲಿಕೊ ಸಂಗ್ರಹಾಲಯದಲ್ಲಿ ಜೈನ ವಸ್ತ್ರಗಳ ಸಂಗ್ರಹವನ್ನು ಕಾಣಬಹುದು. ಮೈಸೂರಿನಲ್ಲಿ ನೆಲೆಸಿರುವ ಗುಜರಾತಿ, ಮಾರವಾಡಿ ಕುಟುಂಬಗಳಲ್ಲಿಯೂ ಇಂತಹ ವಸ್ತ್ರಗಳನ್ನು ಪೆಟ್ಟಿಗೆಯಲ್ಲಿ ಜತನಮಾಡಿರುವ ಹಿರಿಯರುಂಟು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಪವಿತ್ರ ಚಿಹ್ನೆಯನ್ನು ಹೊತ್ತ ಬಟ್ಟೆಗಳೆಲ್ಲ ಮೇಲೆ ಇಲ್ಲವೆ ಹಿಂದೆ ಇರತಕ್ಕವು, ಕೆಳಗೆ ಹಾಸತಕ್ಕವಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಆಯಿ ಕೌದಿಗೆ ತೇಪೆ ಹಾಕುತ್ತಿದ್ದಾಗ, ಬಸದಿಯಲ್ಲಿ ಅಕ್ಷತೆಯಿಂದ ಬರೆಯುವ ಸ್ವಸ್ತಿಕವನ್ನೂ ಮೂರು ಪುಂಜಗಳನ್ನೂ ಸಿದ್ಧಶಿಲೆಯ ಅರ್ಧಚಂದ್ರವನ್ನೂ ನಡುವೆ ಹೊಲಿಯೆಂದು ನಾನು ಹಟ ಹಿಡಿದೆ. "ಅದರ ಮ್ಯಾಲ ಕಾಲ ಇಟ್ಟ ಮಲಗತಿಯೇನು, ತಮ್ಮಾ?" ಎಂದಳು ಆಯಿ. ಅಷ್ಟೇ ಮಾತು. ಚಿಹ್ನೆಯನ್ನು ಬಸದಿಗೆ ಬಿಟ್ಟು ಅದರ ಹಿಂದಿನ ಭಾವವನ್ನು ಮಾತ್ರ ಹಾಸಿಗೆಗೆ ತರಬೇಕೆಂಬ ವಿವೇಕ ಅದು. ಹೊದಿಕೆಯ ವಿನ್ಯಾಸಕ್ಕೆ ಧರ್ಮದಿಂದ ಪ್ರೇರಣೆ ದೊರೆಯುವುದೆಂದರೆ ಜಿನಬಿಂಬವನ್ನೋ ಲಾಂಛನವನ್ನೋ ಬಟ್ಟೆಗೆ ಅಂಟಿಸುವುದಲ್ಲ. ಬಣ್ಣ, ಕ್ರಮ, ಎಣಿಕೆ ಇವುಗಳಲ್ಲಿ ತತ್ತ್ವವನ್ನು ಅಡಗಿಸುವುದು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಉತ್ಸವದಲ್ಲಿ ತೀರ್ಥಂಕರರ ಚಿತ್ರವನ್ನು ಅಚ್ಚುಮಾಡಿದ ಚೀಲಗಳನ್ನು ಹಂಚಿದ್ದರು. ಮರುವರ್ಷ ಪರಿಚಿತರೊಬ್ಬರ ಮನೆಗೆ ಹೋದಾಗ ಅದೇ ಚೀಲವು ಬಾಗಿಲಲ್ಲಿ ಕಾಲೊರಸಾಗಿ ಬಿದ್ದಿತ್ತು. ಹಂಚಿದವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ; ಆಯಿಗಿದ್ದ ಮುಂದಾಲೋಚನೆ ಇರಲಿಲ್ಲ.

ಹೀಗೆ ಅಡಗಿಸಿ ಹೇಳುವುದಕ್ಕೆ ನಮ್ಮ ಲೋಕವರ್ಣನೆಯಷ್ಟು ಸಮೃದ್ಧವಾದ ಆಕರ ಬೇರೊಂದಿಲ್ಲ. ಯತಿವೃಷಭಾಚಾರ್ಯರ ಪ್ರಾಕೃತ ತಿಲೋಯಪಣ್ಣತ್ತಿಯನ್ನು ತೆರೆದು ನೋಡಿದರೆ ಚಿತ್ತಾರಗಾರನಿಗೆ ಬೇಕಾದ ಅಳತೆಗಳೆಲ್ಲವೂ ಅಲ್ಲಿವೆ. ನಡುವೆ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ. ಅದನ್ನು ಬಳಸಿ ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ. ಹೀಗೆ ದ್ವೀಪದ ಸುತ್ತ ಸಮುದ್ರ, ಸಮುದ್ರದ ಸುತ್ತ ದ್ವೀಪ, ಪ್ರತಿಯೊಂದೂ ಹಿಂದಿನದಕ್ಕೆ ಇಮ್ಮಡಿ ಅಗಲ. ಎಂಟನೆಯದಾದ ನಂದೀಶ್ವರದ್ವೀಪದಲ್ಲಿ ದಿಕ್ಕಿಗೆ ಒಂದು ಅಂಜನಗಿರಿ, ನಾಲ್ಕು ದಧಿಮುಖ, ಎಂಟು ರತಿಕರ, ಒಟ್ಟು ಹದಿಮೂರು. ನಾಲ್ಕು ದಿಕ್ಕಿಗೆ 52 ಚೈತ್ಯಾಲಯಗಳು. ಅಂಜನವು ಕಾಡಿಗೆಯ ಕಪ್ಪು, ದಧಿಮುಖವು ಮೊಸರಿನ ಬಿಳುಪು, ರತಿಕರವು ಹೊಂಬಣ್ಣ. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ ಪರ್ವದಲ್ಲಿ ನಾವು ಆರಾಧಿಸುವ ಈ ದ್ವೀಪವನ್ನು ಮೂರು ಬಣ್ಣದ 52 ತುಂಡುಗಳಲ್ಲಿ ಯಾವ ಗೃಹಿಣಿಯೂ ಹೊಲಿಯಬಲ್ಲಳು. ಗಿರಿಯ ಆಕೃತಿ ಬೇಡ, ಬಿಂಬ ಬೇಡ. ಎಣಿಕೆ ತಪ್ಪದಿದ್ದರೆ ಸಾಕು. ಬಲ್ಲವರಿಗೆ ನಂದೀಶ್ವರ, ಅರಿಯದವರಿಗೆ ಚೆಂದದ ಹೊದಿಕೆ.

ಈ ತಿಲೋಯಪಣ್ಣತ್ತಿಯನ್ನು ಡಾ. ಹೀರಾಲಾಲ್ ಜೈನರೊಡನೆ ಸಂಪಾದಿಸಿ 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ಸೋಲಾಪುರದಿಂದ ಬೆಳಕಿಗೆ ತಂದವರು ಡಾ. ಆ. ನೇ. ಉಪಾಧ್ಯೆಯವರು. 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಅವರು ತಮ್ಮ ಜೀವಿತದ ಕೊನೆಯ ವರ್ಷಗಳಲ್ಲಿ ನಮ್ಮ ಮಾನಸಗಂಗೋತ್ರಿಯಲ್ಲಿ ಜೈನಶಾಸ್ತ್ರ ಹಾಗೂ ಪ್ರಾಕೃತ ವಿಭಾಗದ ಮುಖ್ಯಸ್ಥರಾಗಿದ್ದು 1975ರಲ್ಲಿ ದಿವಂಗತರಾದರು. ಕೌದಿಯ ಸೀಮೆಯಿಂದ ಮೈಸೂರಿಗೆ ಬಂದ ಮಹನೀಯರಲ್ಲಿ ಅವರೇ ಶ್ರೇಷ್ಠರು.

ಅದೇ ಸದಲಗಾದಲ್ಲಿ 1946ರಲ್ಲಿ ಜನಿಸಿದವರು ಆಚಾರ್ಯ ವಿದ್ಯಾಸಾಗರ ಮಹಾರಾಜರು. 2024ರ ಫೆಬ್ರವರಿಯಲ್ಲಿ ಡೊಂಗರಗಢದ ಚಂದ್ರಗಿರಿಯಲ್ಲಿ ಸಮಾಧಿಮರಣವನ್ನು ಹೊಂದಿದ ಈ ಮಹಾತಪಸ್ವಿಗಳು ಚಾಪೆಯನ್ನೂ ತ್ಯಜಿಸಿ ಬರಿಯ ಹಲಗೆಯ ಮೇಲೆ ಮಲಗುತ್ತಿದ್ದರು. ಆದರೆ ಗೃಹಸ್ಥರಿಗೆ ಅವರು ಬೋಧಿಸಿದ್ದು ಕೈಮಗ್ಗವನ್ನು. ಅವರ ಪ್ರೇರಣೆಯಿಂದ ಮಧ್ಯಪ್ರದೇಶ ಮೊದಲಾದೆಡೆ ಅಹಿಂಸಕ ಹತ್ತಿಬಟ್ಟೆಯ ನೇಯ್ಗೆಯ ಕೇಂದ್ರಗಳು ಪ್ರಾರಂಭವಾದವು. ಸಾಗರದ ಸೆರೆಮನೆಯಲ್ಲಿ ಬಂದಿಗಳೂ ಮಗ್ಗದ ಮುಂದೆ ಕುಳಿತರು. ತಾನು ನೂಲೆಳೆಯನ್ನೂ ಧರಿಸದವರು ಲೋಕಕ್ಕೆ ನೂಲಿನ ಶುದ್ಧಿಯನ್ನು ಕಲಿಸಿದುದನ್ನು ನೆನೆದಾಗ, ಆರಂಭದಲ್ಲಿ ಎತ್ತಿದ ಆಕ್ಷೇಪಕ್ಕೆ ಬೇರೆ ಸಮಾಧಾನ ಬೇಕಿಲ್ಲ.

ನೂಲಿನ ಶುದ್ಧಿಯ ಮಾತು ಬಂದಾಗ ಮೈಸೂರಿನವರು ಸ್ವಲ್ಪ ಮುಜುಗರಪಡುವುದು ಸಹಜ. ನಮ್ಮ ನಗರದ ಹೆಸರೇ ರೇಷ್ಮೆಯೊಡನೆ ಬೆಸೆದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ರೇಷ್ಮೆ ಕಾರ್ಖಾನೆಯ ಸೀರೆ ಇಲ್ಲದ ಮನೆ ನಮ್ಮಲ್ಲಿಯೂ ವಿರಳ. ಗೂಡಿನೊಳಗಿನ ಜೀವವನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ನೂಲನ್ನು ಉಟ್ಟು ಜಿನಪೂಜೆಗೆ ಬರಬಹುದೆ ಎಂಬ ಪ್ರಶ್ನೆಯನ್ನು ಕೇಳಿದವರೂ ನಮ್ಮಲ್ಲಿದ್ದಾರೆ, ಮಡಿಗೆ ರೇಷ್ಮೆಯೇ ಶ್ರೇಷ್ಠವೆಂದು ಸಾಧಿಸಿದವರೂ ಇದ್ದಾರೆ. ನನ್ನ ಅಭಿಪ್ರಾಯ ಮೊದಲನೆಯವರ ಕಡೆಗಿದೆ. ಆದರೆ ಹಿರಿಯರ ಪೆಟ್ಟಿಗೆಯಲ್ಲಿರುವ ಸೀರೆಯನ್ನು ಬೀದಿಗೆಸೆಯಬೇಕೆಂದು ನಾನು ಹೇಳಲಾರೆ. ಆಯಿ ರೇಷ್ಮೆಯನ್ನು ಎಂದೂ ಕೊಳ್ಳಲಿಲ್ಲ. ಅಮ್ಮನ ಮದುವೆಯ ರೇಷ್ಮೆ ಸೀರೆ ಹರಿದಾಗ ಅದನ್ನು ಕೌದಿಗೆ ಸೇರಿಸೋಣವೆಂದು ಅಮ್ಮ ಕೇಳಿದ್ದುಂಟು. ಆಯಿ ಬಹಳ ಹೊತ್ತು ಯೋಚಿಸಿ, ಆ ತುಂಡನ್ನು ಹೊರಗಿನ ಕಪ್ಪು ಅಂಚಿನ ಕೆಳಪದರದಲ್ಲಿ ಇಟ್ಟು ಹೊಲಿದಳು. ಶುಕ್ಲದ ಹತ್ತಿರಕ್ಕೆ ಬಿಡಲಿಲ್ಲ.

ಹೊದಿಕೆಯಲ್ಲಿ ಶ್ರದ್ಧೆಯನ್ನು ಹೊಲಿಯುವ ಪರಿ ನಮ್ಮವರಿಗೆ ಮಾತ್ರ ಮೀಸಲೆಂದು ಭಾವಿಸಬಾರದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ವಾಸಿಸುವ, ಆಫ್ರಿಕ ಮೂಲದ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕವಂದಿ ಇಂದು ಲೋಕಪ್ರಸಿದ್ಧ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂಯಲ್ ಎಂಬ ಕಲಾ ಇತಿಹಾಸಕಾರರು ಅದನ್ನು ವಿಸ್ತಾರವಾಗಿ ಅಭ್ಯಸಿಸಿರುವರು. ಸಿದ್ದಿಯರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇರುವರು. ಕ್ರೈಸ್ತ ಹೆಂಗಸರ ಕೆಲವು ಕವಂದಿಗಳಲ್ಲಿ ಶಿಲುಬೆ, ಮುಸಲ್ಮಾನರ ಕೆಲವುಗಳಲ್ಲಿ ಬಾಲಚಂದ್ರ ಕಾಣಿಸಿಕೊಳ್ಳುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವಿನಂತೆ ಹೊಲಿಯುವ ಫುಲವಿಲ್ಲದಿದ್ದರೆ ಕವಂದಿ ಬೆತ್ತಲೆಯೆಂದು ಅವರು ಎಣಿಸುವರು. ಅಂಚಿನಿಂದ ಪ್ರಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವನ್ನು ಮುಟ್ಟಿದಾಗ ಅವರ ಹೊಲಿಗೆ ಮುಗಿಯುತ್ತದೆ. ಆಯಿಯ ಕೈಯೂ ಹಾಗೆಯೇ ಸಾಗುತ್ತಿತ್ತು. ಒಂದೊಂದು ಸಾಲಿಗೂ ಆಕೆಯ ತುಟಿಯಲ್ಲಿ ಣಮೋಕಾರ ನಡೆಯುತ್ತಿತ್ತು. ಮೂವತ್ತೈದು ಅಕ್ಷರ ಮುಗಿಯುವ ಮುನ್ನ ನೂಲು ಮುಗಿದರೆ, ಹೊಸ ನೂಲನ್ನು ಪೋಣಿಸಿ ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದಳು.

ಹಾಸಿಗೆಯೂ ಪವಿತ್ರ ದರ್ಶನವೂ ಒಂದಾಗಿ ಬರುವ ಪ್ರಸಂಗ ನಮ್ಮ ಪುರಾಣಗಳಲ್ಲಿ ಒಂದುಂಟು. ಅದು ಈ ಮಹೋತ್ಸವದ ಮೊದಲನೆಯ ದಿನದ ಗರ್ಭಕಲ್ಯಾಣ. ಜಿನಮಾತೆಯು ಶಯ್ಯೆಯಲ್ಲಿ ಷೋಡಶ ಸ್ವಪ್ನಗಳನ್ನು ಕಾಣುವಳು: ಆನೆ, ವೃಷಭ, ಸಿಂಹ, ಲಕ್ಷ್ಮಿ, ಮಾಲೆಗಳೆರಡು, ಚಂದ್ರ, ಸೂರ್ಯ, ಮೀನಿನ ಜೋಡಿ, ಕಲಶದ ಜೋಡಿ, ತಾವರೆಗೊಳ, ಕಡಲು, ಸಿಂಹಾಸನ, ವಿಮಾನ, ನಾಗಭವನ, ರತ್ನರಾಶಿ, ಹೊಗೆಯಿಲ್ಲದ ಅಗ್ನಿ. ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದಾಗ ಮರುದೇವಿಯ ಈ ಸ್ವಪ್ನಗಳು ಕನ್ನಡ ಕಾವ್ಯಕ್ಕೆ ಬಂದವು. ಈ ಹದಿನಾರನ್ನು ಕಸೂತಿಯಲ್ಲಿ ತುಂಬಿದ ಮೇಲ್ಕಟ್ಟನ್ನು ನಮ್ಮ ಸಮಾಜದ ಹೆಣ್ಣುಮಕ್ಕಳು ಕೈಯಿಂದಲೇ ಹೊಲಿದು ಅರ್ಪಿಸಬಾರದೇಕೆ? ಒಬ್ಬೊಬ್ಬರು ಒಂದೊಂದು ಚೌಕವನ್ನು ಹೊಲಿದರೂ ಹದಿನಾರು ಮನೆಗಳು ಒಂದಾದಂತಾಗುತ್ತದೆ. ಬಾಡಿಗೆಯ ಶಾಮಿಯಾನಕ್ಕೆ ಅದರ ಮುಂದೆ ಬೆಲೆಯಿಲ್ಲ.

ಕಡೆಯದಾಗಿ, ವೇಷ್ಟನಗಳ ವಿಚಾರ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಸಿದ್ಧಾಂತಗ್ರಂಥಗಳಲ್ಲಿ ಮಹಾಧವಲದ ಪ್ರತಿಯನ್ನು ಶಾಂತಿಸೇನನ ಪತ್ನಿಯಾದ ಮಲ್ಲಿಕಬ್ಬೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘಣಂದಿ ಮುನಿಗಳಿಗೆ ಅರ್ಪಿಸಿದಳು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿಗಳೆಂದರೆ ಅವುಗಳಿಗೆ ಹಲಗೆ, ದಾರ, ಸುತ್ತುಬಟ್ಟೆಗಳೂ ಬೇಕಷ್ಟೆ. ಆ ಬಟ್ಟೆಗಳು ಎಲ್ಲಿಂದ ಬಂದವು, ಯಾರು ಹೊಲಿದರು? ಗ್ರಂಥದ ಪ್ರಶಸ್ತಿಯಲ್ಲಿ ದಾನಿಯ ಹೆಸರುಂಟು, ಲಿಪಿಕಾರನ ಹೆಸರುಂಟು. ವೇಷ್ಟನವನ್ನು ಹೊಲಿದವಳ ಹೆಸರಿಲ್ಲ. ಪ್ರತಿವರ್ಷ ಜ್ಯೇಷ್ಠ ಶುದ್ಧ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರವನ್ನು ಸುತ್ತುವುದು ನಮ್ಮ ಪದ್ಧತಿ. ಹಳೆಯ ವೇಷ್ಟನಗಳು ಆಗ ಮೂಲೆ ಸೇರುತ್ತವೆ, ಇಲ್ಲವೆ ಒಲೆ ಸೇರುತ್ತವೆ. ಮನೆಯ ಹಿರಿಯಳ ಸೀರೆಯ ಸೆರಗು, ಎಂದೋ ನಿಂತುಹೋದ ಮಗ್ಗದ ಅಂಚು, ಮರೆತ ಬಣ್ಣ ಇವೆಲ್ಲ ಅವುಗಳಲ್ಲಿರುತ್ತವೆ. ಇನ್ನು ಮುಂದೆ ಹಳೆಯ ವೇಷ್ಟನವನ್ನು ಬಿಸುಡದೆ, ಯಾವ ಗ್ರಂಥದ್ದು, ಯಾರ ಮನೆಯಿಂದ ಬಂದದ್ದು ಎಂದು ಒಂದು ಚೀಟಿಯಲ್ಲಿ ಬರೆದು, ಬೇವಿನೆಲೆಯೊಡನೆ ಒಂದು ಪೆಟ್ಟಿಗೆಯಲ್ಲಿ ಇರಿಸುವಂತೆ ಪ್ರತಿಯೊಂದು ಬಸದಿಯ ವ್ಯವಸ್ಥಾಪಕರಲ್ಲಿ ವಿನಂತಿಸುತ್ತೇನೆ. ಈ ಪ್ರತಿಷ್ಠೆಯಲ್ಲಿ ಬಳಸಿದ ಧ್ವಜ, ವಿತಾನಗಳಿಗೂ ಇದೇ ವ್ಯವಸ್ಥೆಯಾದರೆ ಉತ್ತಮ. ಪೆಟ್ಟಿಗೆಗೆ ತಗಲುವ ವೆಚ್ಚ ಅತ್ಯಲ್ಪ.

ಆಯಿಯ ಕೌದಿ ಈಗಲೂ ನಮ್ಮ ಮನೆಯಲ್ಲಿದೆ. ನಡುವಿನ ಬಿಳಿಯ ಚೌಕ ಎರಡು ಸಲ ಹರಿದುದರಿಂದ ಅಜ್ಜನ ಧೋತರದ ಮೇಲೆ ಅಪ್ಪನ ಪಂಚೆಯ ತುಂಡೂ ಕೂಡಿಕೊಂಡಿದೆ. ಈ ವರ್ಷ ಅದು ಮತ್ತೆ ಜೀರ್ಣವಾಗಿದೆ. ನನ್ನ ಸೊಸೆ ಮೊನ್ನೆ ನನ್ನ ಹಳೆಯ ಪಂಚೆಯೊಂದನ್ನು ಒಗೆದು ಮಡಿಸಿ ಕೌದಿಯ ಪಕ್ಕದಲ್ಲಿ ಇಟ್ಟಿದ್ದಾಳೆ. ಅಷ್ಟಾಹ್ನಿಕ ಪರ್ವ ಮುಗಿದ ಮೇಲೆ ಸೂಜಿ ಹಿಡಿಯುವಳಂತೆ.